ಎರಡು ಲಕ್ಷದ ಮಂದ್ರ

ಕಳೆದ ದಸರಾ ರಜೆಯಲ್ಲಿ ಒಂಬತ್ತನೇ ತರಗತಿಯ ಉತ್ತರಪತ್ರಿಕೆಗಳನ್ನು ಹರವಿಕೊಂಡು ಕೂತಿದ್ದಾಗ ಬೆಂಗಳೂರಿನಿಂದ ಸೊಸೆಯ ಫೋನ್ ಬಂತು. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ ಅವಳು. ಎದೆ ಧಸಕ್ಕೆಂದಿತು. “ಏನಿಲ್ಲ ಅತ್ತೆ, ಇವರು ಒಂದು ಗಿಟಾರ್ ನೋಡಿಕೊಂಡು ಬಂದಿದ್ದಾರೆ. ಎರಡು ಲಕ್ಷದ ಹತ್ತಿರ ಆಗುತ್ತಂತೆ. ನಾನು ಬೇಡ ಅನ್ನೋದಿಲ್ಲ, ಬೇಕು ಅಂತಲೂ ಅನ್ನೋದಿಲ್ಲ. ನೀವೇ ಒಂದು ಮಾತು ಹೇಳಿ” ಎಂದಳು. ಜಾಣೆ. ಮದುವೆಯಾದ ಒಂದೂವರೆ ವರ್ಷಕ್ಕೇ ಕೆಂಡವನ್ನು ಯಾರ ಕೈಗೆ ದಾಟಿಸಬೇಕೆಂದು ಕಲಿತುಬಿಟ್ಟಿದ್ದಾಳೆ.

ಮಗನಿಗೆ ಫೋನ್ ಹಚ್ಚಿದೆ. ಅವನು ಬಾರಿಸುವುದು ಎಲ್ಲರೂ ಬಾರಿಸುವ ಆರು ತಂತಿಯ ಗಿಟಾರಲ್ಲ, ನಾಲ್ಕು ತಂತಿಯ ಬೇಸ್ ಗಿಟಾರು. “ನಾಲ್ಕು ತಂತಿಗೆ ಎರಡು ಲಕ್ಷವೇ? ತಂತಿಗೆ 50 ಸಾವಿರ ಬಿತ್ತಲ್ಲೋ” ಎಂದೆ. ಅವನು ನಕ್ಕ. ನಗುವನ್ನು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. “ಶನಿವಾರ ಶನಿವಾರ ನಾಲ್ಕು ಜನ ಸೇರಿ ಬಾರಿಸೋದಕ್ಕೆ ಅಷ್ಟು ಬೆಲೆಯದು ಯಾಕೆ? ನೀನೇನು ಕಚೇರಿ ಮಾಡ್ತೀಯಾ?” ಎಂದುಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. “ಇಲ್ಲಮ್ಮ” ಎಂದ. ಊಟವಾಯಿತಾ ಎಂದು ಕೇಳಿ ಫೋನ್ ಇಟ್ಟ.

ಕೆಂಪು ಪೆನ್ನನ್ನು ಕೈಗೆತ್ತಿಕೊಂಡರೂ ಪತ್ರಿಕೆ ಮುಂದೆ ಹೋಗಲಿಲ್ಲ. ಆ ವಾಕ್ಯ ನನ್ನದಾಗಿರಲಿಲ್ಲ. ಅದು ನಮ್ಮಪ್ಪನದು. ನಲವತ್ತು ವರ್ಷದ ಹಿಂದೆ ನನಗೆ ಹೇಳಿದ್ದನ್ನು ನಾನು ಒಂದು ಅಕ್ಷರ ಕೆಡಿಸದೆ ಕಾಪಾಡಿಕೊಂಡು ಬಂದು ಮಗನಿಗೆ ಒಪ್ಪಿಸಿದ್ದೆ.

ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆ. ವಾರಕ್ಕೆರಡು ಸಲ ವೀಣೆಯ ಟೀಚರ ಮನೆಗೆ ಹೋಗಿ ಅವರ ವೀಣೆಯ ಮೇಲೆಯೇ ಕಲಿಯುತ್ತಿದ್ದೆ. ಮನೆಯಲ್ಲಿ ಅಭ್ಯಾಸ ಮಾಡಲು ವಾದ್ಯವಿರಲಿಲ್ಲ. ಊಟದ ಮಣೆಯ ಮೇಲೆ ಬೆರಳಾಡಿಸಿ ಅಮ್ಮನ ಹತ್ತಿರ ಬೈಸಿಕೊಳ್ಳುತ್ತಿದ್ದೆ. 1985ರಲ್ಲಿ ಅಪ್ಪ ಅಂತೂ ಮನಸ್ಸು ಮಾಡಿದರು. ಅಂಗಡಿಯವನು ಎರಡು ವೀಣೆ ತೋರಿಸಿದ. ಒಂದರ ಬೆಲೆ ಇನ್ನೊಂದರ ಹೆಚ್ಚುಕಡಿಮೆ ಎರಡರಷ್ಟು. ನೋಡಲು ಎರಡೂ ಒಂದೇ. ಕಡಿಮೆಯದಕ್ಕೆ ಬಣ್ಣ ತುಸು ಹೆಚ್ಚೇ ಹೊಳೆಯುತ್ತಿತ್ತು. “ಇವಳೇನು ಕಚೇರಿ ಮಾಡ್ತಾಳಾ? ಇದು ಸಾಕು” ಎಂದರು ಅಪ್ಪ. ತಪ್ಪು ಮಾತಲ್ಲ. ನನ್ನ ಕೆಳಗೆ ಇನ್ನಿಬ್ಬರು ತಂಗಿಯರಿದ್ದರು.

ಮೊದಲನೆಯ ಮಳೆಗಾಲ ಮುಗಿಯುವಷ್ಟರಲ್ಲಿ ವೀಣೆ ಬುಸುಗುಡಲು ಶುರುವಾಯಿತು. ಮಧ್ಯಮದ ಹತ್ತಿರ ತಂತಿ ಒತ್ತಿದರೆ ಸ್ವರದ ಜೊತೆ ಒಂದು ಜಿರ್ ಎನ್ನುವ ಶಬ್ದ. ಮೇಲಿನ ಷಡ್ಜ ಎಷ್ಟು ಸರಿಮಾಡಿದರೂ ಶ್ರುತಿಗೆ ಕೂರುತ್ತಿರಲಿಲ್ಲ. ಟೀಚರ ಮನೆಯಲ್ಲಿ ಸರಿಯಾಗಿ ಬರುವುದು ನಮ್ಮ ಮನೆಯಲ್ಲಿ ಬರುತ್ತಿರಲಿಲ್ಲ. ಸಾಧನೆ ಸಾಲದು ಎಂದರು ಟೀಚರು. ಸಾಧನೆ ಮಾಡಿದೆ. ಬೆರಳು ಕುಯ್ದುಕೊಂಡು ಗೆರೆ ಬೀಳುವಷ್ಟು ಮಾಡಿದೆ. ಎರಡು ವರ್ಷದ ಮೇಲೆ ನನ್ನ ಕಿವಿಯೇ ಸರಿಯಿಲ್ಲ ಎಂದು ತೀರ್ಮಾನಿಸಿಕೊಂಡು ಅದಕ್ಕೆ ಗವುಸು ಹಾಕಿ ಮೂಲೆಗಿಟ್ಟೆ. ಆಮೇಲೆ ಬಿ.ಎ., ಬಿ.ಎಡ್., ಮದುವೆ, ನೌಕರಿ, ಮಗ. 2009ರಲ್ಲಿ ಸಹೋದ್ಯೋಗಿಯೊಬ್ಬರ ಮಗಳ ವೀಣೆಗೆ ಮೇಳ ಕಟ್ಟಿಸಲು ಅವರ ಜೊತೆ ಮೈಸೂರಿಗೆ ಹೋಗಿದ್ದೆ. ಜೇನುಮೇಣ ಕಾಯಿಸಿ, ಕಪ್ಪು ಬೆರೆಸಿ, 24 ಮೆಟ್ಟಿಲನ್ನೂ ಒಂದೊಂದಾಗಿ ಕಿವಿಯಿಂದಲೇ ಕೂರಿಸುತ್ತಿದ್ದ ಆ ಮುದುಕರಿಗೆ ಮಾತಿಗೆ ಮಾತು ಬಂದು ನನ್ನ ವೀಣೆಯ ಕಥೆ ಹೇಳಿದೆ. ಅವರು ತಲೆ ಎತ್ತದೆಯೇ, “ಹಸಿ ಮರ ಅಮ್ಮ. ದಂಡಿ ಬಾಗಿರುತ್ತೆ. ಅದರಲ್ಲಿ ಯಾರು ಕೂತು ನುಡಿಸಿದ್ರೂ ಅಪಸ್ವರವೇ” ಎಂದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪನ ಮೇಲೆ ಸಿಟ್ಟೇನೂ ಬರಲಿಲ್ಲ. ಇಪ್ಪತ್ತು ವರ್ಷ ನನ್ನ ಕಿವಿಯ ಮೇಲೆ ನಾನೇ ಹೊರಿಸಿಕೊಂಡಿದ್ದ ಆಪಾದನೆಯನ್ನು ನೆನೆಸಿಕೊಂಡು ಸಂಕಟವಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಮಗನಿಗೆ ಅದೇ ಮಾತು ಹೇಳಿದೆನಲ್ಲ! ಸರಿ, ಮಾತನ್ನು ವಾಪಸು ತೆಗೆದುಕೊಳ್ಳಲಾಗದಿದ್ದರೂ ವಿಷಯವನ್ನಾದರೂ ಸರಿಯಾಗಿ ತಿಳಿದುಕೊಂಡು ಅಭಿಪ್ರಾಯ ಹೇಳೋಣ ಎಂದುಕೊಂಡೆ. ಓದದೆ ಅಂಕ ಹಾಕುವ ಟೀಚರು ನಾನಲ್ಲ.

ದೀಪಾವಳಿಗೆ ಬಂದಾಗ ಮಗ ತನ್ನ ಹಳೆಯ ಬೇಸ್ ಗಿಟಾರನ್ನು ತಂದಿದ್ದ. ಎಂಟು ವರ್ಷದ ಹಿಂದೆ ಮೊದಲ ಸಂಬಳದಲ್ಲಿ 22 ಸಾವಿರಕ್ಕೆ ಕೊಂಡದ್ದು. ತೊಡೆಯ ಮೇಲಿಟ್ಟ. ನಾಲ್ಕು ಕೆಜಿಯಾದರೂ ಭಾರ. ತಂತಿಗಳೋ, ನಮ್ಮ ವೀಣೆಯ ಮಂದ್ರದ ತಂತಿ ಅದರ ಮುಂದೆ ಕೂದಲೆಳೆ. ಸಾಮಾನ್ಯ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ಅತಿ ದಪ್ಪದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದಂತೆ. “ಇದರ ಸಂಗೀತ ಯಾವುದಾದರೂ ಕೇಳಿಸು” ಎಂದೆ. ತನ್ನ ಫೋನಿನಲ್ಲಿ ಒಂದು ಹಾಡು ಹಾಕಿದ. ಹಾಡು ಕೇಳಿತು, ಡ್ರಮ್ಮು ಕೇಳಿತು. “ಬೇಸ್ ಎಲ್ಲಿ?” ಎಂದೆ. “ಅದೇ ಅಮ್ಮ ಕಷ್ಟ” ಎಂದು ನಕ್ಕು ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿದ. ಫೋನಿನ ಬೆರಳುಗುರಿನಷ್ಟು ಸ್ಪೀಕರಿಗೆ ಅಷ್ಟು ಕೆಳಗಿನ ದನಿ ಹೊರಡಿಸುವ ತ್ರಾಣವಿಲ್ಲ. ಆ ಸ್ವರದ ಜೊತೆಗಿರುವ ಮೇಲಿನ ಅನುಸ್ವರಗಳಷ್ಟೇ ಹೊರಬರುತ್ತವೆ. ಕೇಳುವವರ ಮನಸ್ಸು ಅದರಿಂದ ಕೆಳಗಿನದನ್ನು ಊಹಿಸಿಕೊಳ್ಳುತ್ತದೆ.

ಹೆಡ್‌ಫೋನಿನಲ್ಲಿ ಅವನು ಹಾಕಿದ್ದು ಇಂಗ್ಲಿಷ್ ಹಾಡಲ್ಲ. ಶಂಕರ್‌ನಾಗ್ ಅವರ 1981ರ ‘ಗೀತಾ’ ಚಿತ್ರದ ಹಾಡು, ಇಳಯರಾಜ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಹಾಡಿದ್ದು. ರೇಡಿಯೋದಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪದ, ರಾಗ, ನಡುವಿನ ಪಿಟೀಲು ಎಲ್ಲ ಬಾಯಿಪಾಠ. ಆವತ್ತು ಅದರ ಕೆಳಗೆ ಇನ್ನೊಂದು ಹಾಡು ಇತ್ತು. ಗಾಯಕರು ಒಂದು ಕಡೆ ಹೋದರೆ ಅದು ಇನ್ನೊಂದು ಕಡೆಯಿಂದ ನಡೆದುಬಂದು ಸಮಕ್ಕೆ ಸರಿಯಾಗಿ ಬಾಗಿಲು ತೆರೆಯುತ್ತಿತ್ತು. ಬರೀ ಆಧಾರಶ್ರುತಿಯಾಗಿದ್ದರೆ ತಂಬೂರಿ ಸಾಕಿತ್ತು. ಇದು ನಡೆಯುವ ತಂಬೂರಿ. ಇಷ್ಟು ವರ್ಷ ನನ್ನ ಕಾಲು ತಾಳ ಹಾಕುತ್ತಿದ್ದುದು ಇದಕ್ಕೆ. ಕಿವಿ ಮಾತ್ರ ಆ ಪುಣ್ಯವನ್ನು ಜಾನಕಿಯವರಿಗೆ ಸಲ್ಲಿಸುತ್ತಿತ್ತು. ನಿಮ್ಮ ಮನೆಯಲ್ಲಿಯೂ ಮಕ್ಕಳ ಹತ್ತಿರ ಒಳ್ಳೆಯ ಹೆಡ್‌ಫೋನು ಇದ್ದರೆ ಹಳೆಯ ಇಳಯರಾಜ ಹಾಡೊಂದನ್ನು ಹೀಗೆ ಕೇಳಿ ನೋಡಿ. ಅಡುಗೆಮನೆಯಲ್ಲಿ ಬೇಡ, ಮಿಕ್ಸಿ ಶಬ್ದಕ್ಕೆ ಮೊದಲು ಸಾಯುವುದೇ ಈ ದನಿ.

ಮಗ ಹೇಳಿದ್ದು, ನಾನು ಓದಿಕೊಂಡದ್ದು ಎರಡೂ ಸೇರಿ ಈ ವಾದ್ಯದ ಪುರಾಣ ಇಷ್ಟು. ಮೊದಲು ಆ ಮಂದ್ರಕ್ಕೆಲ್ಲ ಇದ್ದದ್ದು ಆಳೆತ್ತರದ ಡಬಲ್ ಬೇಸ್ ಪಿಟೀಲು. ಅದನ್ನು ಹೊತ್ತು ಊರೂರು ತಿರುಗುವುದೇ ಒಂದು ಶಿಕ್ಷೆ. ಅದಕ್ಕೆ ಮೆಟ್ಟಿಲುಗಳಿಲ್ಲ, ಸ್ವರಸ್ಥಾನ ಬೆರಳಿನ ಅಂದಾಜಿಗೆ ಬಿಟ್ಟದ್ದು. ಸಭೆಯಲ್ಲಿ ಗದ್ದಲವಿದ್ದರೆ ಕೇಳಿಸುವುದೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬಾತ 1951ರಲ್ಲಿ ಗಿಟಾರಿನಂತೆ ಕೊರಳಿಗೆ ನೇತುಹಾಕಿಕೊಳ್ಳುವ, ಮೆಟ್ಟಿಲುಗಳಿರುವ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದ. ಸ್ವರ ನಿಖರವಾಗಿ ಬೀಳುತ್ತದೆ ಎಂಬ ಅರ್ಥಕ್ಕೆ ‘ಪ್ರಿಸಿಷನ್’ ಎಂದು ಹೆಸರಿಟ್ಟ. ತಮಾಷೆಯೆಂದರೆ ಆತನಿಗೆ ಗಿಟಾರು ಬಾರಿಸಲು ಬರುತ್ತಿರಲಿಲ್ಲ. 1960ರಲ್ಲಿ ಕೊರಳು ಸಣ್ಣದಾದ ‘ಜಾಝ್ ಬೇಸ್’ ಬಂತು. ಮಗನ ಕಣ್ಣು ಬಿದ್ದಿದ್ದು ಅದರ ಅಮೆರಿಕದಲ್ಲೇ ತಯಾರಾದ ಮಾದರಿಯ ಮೇಲೆ. ಅದರ ಬೆರಳುಹಲಗೆ ಬೀಟೆ ಮರದ್ದಂತೆ. ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾದ ಮೇಲೆ ಗಿಟಾರು ಮಾಡುವವರು ನಮ್ಮ ದೇಶದ ಬೀಟೆಗೆ ಬಂದರು. ಅಜ್ಜಿಯ ಮನೆಯ ಮಂಚ, ಮೈಸೂರಿನ ಕೆತ್ತನೆಯ ಪೆಟ್ಟಿಗೆ ಎಲ್ಲ ಆ ಜಾತಿಯ ಮರದ್ದೇ. ನಮ್ಮ ಘಟ್ಟದ ಮರದ ನೆಂಟ ಹಡಗು ಹತ್ತಿ ಹೋಗಿ ಎರಡು ಲಕ್ಷದ ಚೀಟಿ ಅಂಟಿಸಿಕೊಂಡು ಬಂದಂತೆ ನನಗೆ ಕಂಡಿತು!

ಇನ್ನು ಬಾರಿಸಿದವರ ವಿಷಯ. ಬೆಲೆಯ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕೀತು ಎಂದು ಒಂದು ತಿಂಗಳು ರಾತ್ರಿ ಊಟವಾದ ಮೇಲೆ ಕಿವಿಗೆ ಹಾಕಿಕೊಂಡು ಕೂತೆ. ನಮ್ಮವರು ಮೊದಲು ನಕ್ಕರು, ಆಮೇಲೆ ಟಿವಿಯ ಸದ್ದು ಹೆಚ್ಚು ಮಾಡಿಕೊಂಡರು.

ಜೇಮ್ಸ್ ಜಾಮರ್ಸನ್ ಎಂಬ ಕರಿಯ ಕಲಾವಿದ ಡೆಟ್ರಾಯಿಟಿನ ಮೋಟೌನ್ ಕಂಪನಿಯ ನೆಲಮಾಳಿಗೆಯಂಥ ಸ್ಟುಡಿಯೋದಲ್ಲಿ 1960ರ ದಶಕದುದ್ದಕ್ಕೂ ಬಾರಿಸಿದವರು. ಅವರ ಹತ್ತಿರ ಇದ್ದದ್ದು 1962ರ ಒಂದು ಪ್ರಿಸಿಷನ್ ಬೇಸ್. ಬಲಗೈಯ ತೋರುಬೆರಳೊಂದರಿಂದಲೇ ಮೀಟುತ್ತಿದ್ದರು. ತಂತಿ ಕಡಿದುಹೋಗುವವರೆಗೆ ಬದಲಾಯಿಸುತ್ತಿರಲಿಲ್ಲ. ಹೊಳಪು ಹೋಗಿ ಮಂಕಾದ ತಂತಿಯ ದನಿಯೇ ಅವರಿಗೆ ಬೇಕಾಗಿತ್ತು. ಟೆಂಪ್ಟೇಷನ್ಸ್ ತಂಡದ ‘ಮೈ ಗರ್ಲ್’ ಹಾಡು ಆರಂಭವಾಗುವುದೇ ಅವರ ಬೇಸ್‌ನಿಂದ. ಮಲಗಿದ ಮಗುವಿನ ಎದೆಬಡಿತದ ಹಾಗೆ ಒಂದು ಸ್ವರ, ಒಂದು ಬಿಡುವು. ಆಮೇಲೆ ಗಿಟಾರು ಮೇಲೇರುವುದು ಸ ರಿ ಗ ಪ ದ ಸ. ನಮ್ಮ ಮೋಹನ ರಾಗದ ಆರೋಹಣ! ಅದು ಕೇಳಿಸಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಷ್ಟು ಸರಳವಾದದ್ದನ್ನು ನಮ್ಮ ಎಂಟನೇ ತರಗತಿಯ ಹುಡುಗನೂ ಬಾರಿಸಬಲ್ಲ. ಆದರೆ ಆ ಬಿಡುವನ್ನು ಅಷ್ಟೇ ಅಳತೆಗೆ ಬಿಡುವುದು ಅವನಿಂದಾಗದು, ಅವನಿಗೆ ಅವಸರ. ಅಂಥ ಹಾಡುಗಳು ಜಗತ್ತೆಲ್ಲ ತಿರುಗಿದರೂ ಜಾಮರ್ಸನ್ನರ ಹೆಸರು ರೆಕಾರ್ಡಿನ ಹೊದಿಕೆಯ ಮೇಲೆ ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬಂದಾಗ ಹೆಸರು ಅಚ್ಚಾಯಿತು. 1983ರಲ್ಲಿ 47ನೇ ವಯಸ್ಸಿಗೆ ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ಆ ಬೇಸೂ ಕಳುವಾಗಿತ್ತು.

ಕ್ಯಾರಲ್ ಕೇ ಅವರ ವಿಷಯವನ್ನು ಮಗ ಮೊದಲೇ ಹೇಳಿರಲಿಲ್ಲ, ನಾನೇ ಹುಡುಕಿಕೊಂಡೆ. ಹುಡುಕಿದ ಮೇಲೆ ಅವನ ಮೇಲೆ ಸ್ವಲ್ಪ ಮುನಿಸೂ ಬಂತು. 1935ರಲ್ಲಿ ಹುಟ್ಟಿದ ಈಕೆ ಹದಿಹರೆಯದಲ್ಲೇ ಗಿಟಾರು ಪಾಠ ಹೇಳಿ ದುಡಿದವರು. ಮಕ್ಕಳನ್ನು ಸಾಕಲು ಲಾಸ್ ಏಂಜಲಿಸ್‌ನ ಸ್ಟುಡಿಯೋಗಳಲ್ಲಿ ಕರೆದಾಗ ಹೋಗಿ ಬಾರಿಸುತ್ತಿದ್ದರು. 1963ರಲ್ಲಿ ಒಂದು ದಿನ ಬೇಸ್ ಬಾರಿಸುವವನು ಬರಲಿಲ್ಲವೆಂದು ಆ ವಾದ್ಯವನ್ನು ಈಕೆಯ ಕೈಗೆ ಕೊಟ್ಟರು. ಅಲ್ಲಿಂದ ಅದೇ ಆಯಿತು. ಬೀಚ್ ಬಾಯ್ಸ್ ತಂಡದ 1966ರ ‘ಪೆಟ್ ಸೌಂಡ್ಸ್’ನಲ್ಲಿ ಈಕೆಯ ಬೇಸ್ ಇದೆ. ಅದೇ ವರ್ಷ ಶುರುವಾದ ‘ಮಿಷನ್ ಇಂಪಾಸಿಬಲ್’ ಎಂಬ ಪತ್ತೇದಾರಿ ಧಾರಾವಾಹಿಯ ಐದು ಮಾತ್ರೆಯ ಸಂಗೀತದಲ್ಲಿಯೂ ಇದೆ. ತಂತಿಯ ಗುಂಯ್‌ಗಾಟ ತಡೆಯಲು ಸೇತುವೆಯ ಹತ್ತಿರ ಒಂದು ತುಂಡು ಉಣ್ಣೆಬಟ್ಟೆ ಇಡುತ್ತಿದ್ದರಂತೆ. ಈ ಉಪಾಯ ಮನೆ ನಡೆಸಿದ ಹೆಂಗಸಿಗೇ ಹೊಳೆಯುವಂಥದ್ದು ಎಂದು ನನಗೆ ಅನ್ನಿಸಿತು. ಗಂಡಸರೂ ಮಾಡುತ್ತಿದ್ದರು ಎಂದು ಮಗ ತಿದ್ದಿದ. ಆಗಲಿ. ಆಕೆಯ ಬಾರಿಸುವಿಕೆ ಜಾಮರ್ಸನ್ನರ ಹಾಗೆ ನಡುವೆ ಹರಟುವುದಿಲ್ಲ. ಕೊಟ್ಟ ಕೆಲಸ, ಚೊಕ್ಕ ಅಕ್ಷರ, ಹೊತ್ತಿಗೆ ಸರಿಯಾಗಿ ಮನೆಗೆ. 2025ರಲ್ಲಿ ರಾಕ್ ಸಂಗೀತದ ದೊಡ್ಡ ಗೌರವಕ್ಕೆ ಆಕೆಯನ್ನು ಆರಿಸಿದಾಗ ನನಗೆ ಬೇಡ, ನಾನು ಬರುವುದಿಲ್ಲ ಎಂದುಬಿಟ್ಟರು. ತೊಂಬತ್ತರ ಹೊಸ್ತಿಲಲ್ಲಿ ಹಾಗೆ ಹೇಳುವ ಗತ್ತು ನನಗೆ ಬಹಳ ಹಿಡಿಸಿತು.

ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿಯದು ಇನ್ನೊಂದು ಕಥೆ. 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೈಯಲ್ಲಿ ಕಾಸಿಲ್ಲದ ಹುಡುಗ. ಫೆಂಡರ್ ಕೊಳ್ಳಲು ಆಗದೆ ಪಿಟೀಲಿನ ಆಕಾರದ ಹಾಫ್ನರ್ ಬೇಸನ್ನು ಸುಮಾರು 30 ಪೌಂಡಿಗೆ ಕೊಂಡರು. ಎರಡು ಕಡೆಯೂ ಒಂದೇ ಆಕಾರ, ಎಡಚನಾದ ತನಗೆ ತಿರುಗಿಸಿ ಹಿಡಿದರೂ ವಿಚಿತ್ರ ಕಾಣದು ಎಂಬುದು ಒಂದು ಕಾರಣ. ಅಗ್ಗದ್ದು, ಹಗುರ. ಜಗತ್ತನ್ನು ಕುಣಿಸಿದ ಹಾಡುಗಳು ಅದರಲ್ಲೇ ಆದವು. 1972ರಲ್ಲಿ ಲಂಡನ್ನಿನಲ್ಲಿ ವ್ಯಾನಿನಿಂದ ಕಳುವಾಯಿತು. ಐವತ್ತು ವರ್ಷದ ಮೇಲೆ ಒಂದು ಮನೆಯ ಅಟ್ಟದಲ್ಲಿ ಸಿಕ್ಕಿ ಮರಳಿ ಅವರ ಕೈ ಸೇರಿದ ಸುದ್ದಿ 2024ರಲ್ಲಿ ಪತ್ರಿಕೆಗಳಲ್ಲಿ ಬಂತು.

ಇಷ್ಟು ಕೇಳಿದಾಗ ನನ್ನ ಪಕ್ಷ ಗೆದ್ದ ಹಾಗೆಯೇ ಆಯಿತು. ಒಬ್ಬರು ಕೊಳೆತ ತಂತಿಯಲ್ಲಿ ಬಾರಿಸಿದರು, ಒಬ್ಬರು ಬಟ್ಟೆಯ ತುಂಡು ತುರುಕಿದರು, ಒಬ್ಬರು ಅಗ್ಗದ್ದರಲ್ಲಿ ಲೋಕ ಗೆದ್ದರು. ಎರಡು ಲಕ್ಷ ಎಲ್ಲಿಂದ ಬಂತು? ಫೋನಿನಲ್ಲಿ ಇದನ್ನೇ ಹೇಳಿದೆ. “ಅಮ್ಮ, ಜಾಮರ್ಸನ್ನರದ್ದು ಅಗ್ಗದ ಬೇಸಲ್ಲ. ಆಗಿನ ಕಾಲಕ್ಕೆ ಅದೇ ಒಳ್ಳೆಯದು” ಎಂದ. ಅದೂ ನಿಜವೇ. ಅವರು ತಂತಿ ಬದಲಾಯಿಸದಿದ್ದುದು ನಮಗೆ ಕಥೆಯಾಗಿ ಉಳಿಯಿತು, ದಂಡಿ ನೆಟ್ಟಗಿದ್ದುದು ಯಾರಿಗೂ ಕಥೆಯಾಗಲಿಲ್ಲ. ದೊಡ್ಡವರು ಮುರುಕು ವಾದ್ಯದಲ್ಲಿ ಸಾಧಿಸಿದರು ಎಂದು ಹೇಳಿ ಮಕ್ಕಳ ಬಾಯಿ ಮುಚ್ಚಿಸುವುದು ನಮಗೆಲ್ಲ ಅಭ್ಯಾಸ. ಬೀದಿದೀಪದ ಕೆಳಗೆ ಓದಿದವರ ಕಥೆಯನ್ನು ನಾನೂ ಎಷ್ಟು ತರಗತಿಗಳಿಗೆ ಹೇಳಿಲ್ಲ! ಅದೇ ದೀಪದ ಕೆಳಗೆ ಓದಿ ಫೇಲಾದವರ ಪಟ್ಟಿ ಯಾರ ಹತ್ತಿರವೂ ಇಲ್ಲ.

ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಅಂಗಡಿಗೇ ಹೋದೆವು. ಗೋಡೆಯ ತುಂಬ ಗಿಟಾರುಗಳು, ಸೀರೆ ಅಂಗಡಿಯ ಹಾಗೆ ಬಣ್ಣಬಣ್ಣ. ಅಲ್ಲಿ ಒಂದನ್ನು ನೋಡಿ ಕನಿಕರವಾಯಿತು. ಬಣ್ಣ ಎದ್ದುಹೋಗಿ, ಅಂಚು ಸವೆದು, ಗೀರು ಬಿದ್ದಿತ್ತು. “ಪಾಪ, ಸೆಕೆಂಡ್ ಹ್ಯಾಂಡಾ?” ಎಂದೆ. ಅಲ್ಲವಂತೆ. ಹೊಸದನ್ನೇ ಹಾಗೆ ಸವೆಸಿ ಮಾರುತ್ತಾರೆ, ಅದಕ್ಕೆ ಬೆಲೆ ಇನ್ನೂ ಹೆಚ್ಚು. ಫೆಂಡರ್ ಕಂಪನಿಯವರು 1995ರಿಂದ ಇಂಥವನ್ನು ಮಾಡುತ್ತಿದ್ದಾರೆ. ನಮ್ಮತ್ತೆ ಮೂವತ್ತು ವರ್ಷ ರುಬ್ಬಿ ನುಣುಪು ಮಾಡಿದ ಒರಳಿಗೆ ನಾವು ಬೆಲೆ ಕಟ್ಟದೆ ಹಿತ್ತಲಿಗೆ ಹಾಕಿದೆವು. ಇಲ್ಲಿ ಬೇರೆ ಯಾರೋ ಮಾಡಬೇಕಾದ ಸಾಧನೆಯ ಸವೆತವನ್ನು ಕಾರ್ಖಾನೆಯಲ್ಲಿ ಉಜ್ಜಿಸಿ ಮಾರುತ್ತಾರೆ. ಎರಡು ಲಕ್ಷದ ಬಗ್ಗೆ ನನಗೆ ಅನುಮಾನವಿತ್ತು, ಇದರ ಬಗ್ಗೆ ಅನುಮಾನವೇ ಇಲ್ಲ, ಇದು ಶುದ್ಧ ಮೋಸದ ಸೌಂದರ್ಯ.

ಪರೀಕ್ಷೆಯ ಯೋಚನೆ ನನ್ನದು. ಪಿಟೀಲಿನ ವಿಷಯದಲ್ಲಿ ಹೀಗೊಂದು ಪರೀಕ್ಷೆ ನಡೆದದ್ದನ್ನು ಓದಿದ್ದೆ. 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 21 ಜನ ಪಿಟೀಲು ವಾದಕರಿಗೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ, ಮಬ್ಬು ಬೆಳಕಿನ ಕೋಣೆಯಲ್ಲಿ ಮೂರು ಹೊಸ ಪಿಟೀಲು, ಮೂರು ಬಹಳ ಹಳೆಯ ಇಟಲಿಯ ಪಿಟೀಲು ಕೊಟ್ಟರು. ಹಳೆಯದರ ಬೆಲೆ ಕೋಟಿಗಳಲ್ಲಿ. ಯಾವುದು ಹಳೆಯದೆಂದು ಹೇಳುವುದು ಅವರಲ್ಲಿ ಹೆಚ್ಚಿನವರಿಗೆ ಆಗಲಿಲ್ಲ. ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವೇರಿಯಸ್. ಹಾಗೆಯೇ ಮಾಡೋಣ ಎಂದು ಮಗನ ಹಳೆಯ ಬೇಸು, ಎರಡು ಲಕ್ಷದ ಬೇಸು ಎರಡನ್ನೂ ಒಂದೇ ಸ್ಪೀಕರಿಗೆ ಹಾಕಿಸಿ ನಾನು ಗೋಡೆಯ ಕಡೆ ತಿರುಗಿ ನಿಂತೆ. ಒಂದೇ ಸಾಲು, ಹತ್ತು ಸಲ, ಯಾವುದು ಮೊದಲು ಎಂದು ಅಂಗಡಿಯ ಹುಡುಗ ಹೇಳಬೇಕು. ಜನ ನೋಡಿದರು. ಐವತ್ತು ದಾಟಿದ ಮೇಲೆ ಜನ ನೋಡುವುದಕ್ಕೆ ಹೆದರಬೇಕಾಗಿಲ್ಲ.

ಹತ್ತಕ್ಕೆ ಆರು ಸರಿಯಾಯಿತು. ನಮ್ಮ ಶಾಲೆಯಲ್ಲಿ ಇದು ಪ್ರಥಮ ದರ್ಜೆ. ಆದರೆ ಎರಡೇ ಆಯ್ಕೆಯಿದ್ದಾಗ ಕಣ್ಣು ಮುಚ್ಚಿ ಗುರುತು ಹಾಕಿದ ಮಗುವಿಗೂ ಐದು ಬರುತ್ತದೆ. ಅಂದರೆ ಒಂದು ಅಂಕಕ್ಕೆ ಒಂದು ಮುಕ್ಕಾಲು ಲಕ್ಷ.

ಆದರೂ ಗೆದ್ದೆನೆಂದು ತಿರುಗಿ ನಿಲ್ಲಲು ಮನಸ್ಸಾಗಲಿಲ್ಲ. ಸರಿಯಾದ ಆರನ್ನು ನಾನು ದನಿಯಿಂದ ಗುರುತಿಸಿರಲಿಲ್ಲ. ಕೆಲವು ಸಲ ಮಗ ಒಂದು ಸ್ವರವನ್ನು ಮುಟ್ಟದೆ ದಾಟಿಹೋಗುತ್ತಿದ್ದ, ಇಲ್ಲವೇ ಅದರ ಮೇಲೆ ಒತ್ತಿ ಬೀಳುತ್ತಿದ್ದ. ಆಗ ಅದು ಹಳೆಯದಿರಬೇಕು ಎಂದು ಊಹಿಸಿದ್ದೆ. ಇನ್ನು ಕೆಲವು ಸಲ ಸಾಲಿನ ಕೊನೆಯಲ್ಲಿ ಸ್ವರವನ್ನು ಹಾಗೇ ಬಿಟ್ಟು ಕಾಯುತ್ತಿದ್ದ. ಆಗ ಹೊಸದು ಎಂದಿದ್ದೆ. ಅವನಿಗೇ ಇದನ್ನು ಹೇಳಿದಾಗ ಆಶ್ಚರ್ಯಪಟ್ಟ. ಹಳೆಯದರಲ್ಲಿ ಆ ಜಾಗದ ಸ್ವರ ನಿಲ್ಲುವುದಿಲ್ಲ, ಬುಸ್ ಎನ್ನುತ್ತದೆ, ಅದಕ್ಕೇ ತಪ್ಪಿಸಿಕೊಂಡು ಹೋಗುವುದು ಅಭ್ಯಾಸವಾಗಿದೆ ಎಂದ.

ಬುಸ್ ಎನ್ನುತ್ತದೆ! ನನ್ನ ಬೆನ್ನಿನಲ್ಲಿ ಚಳಿ ಹೊಕ್ಕಂತಾಯಿತು. ಎಂಟು ವರ್ಷದಿಂದ ನನ್ನ ಮಗ ಒಂದು ಬಾಗಿದ ದಂಡಿಯ ಸುತ್ತ ಸುಳಿದು ಹೋಗುತ್ತಿದ್ದಾನೆ. ಅದನ್ನೇ ತನ್ನ ಶೈಲಿ ಎಂದುಕೊಂಡಿದ್ದಾನೆ, ಇಲ್ಲವೇ ತನ್ನ ಕೊರತೆ ಎಂದುಕೊಂಡಿದ್ದಾನೆ. ನಾನು ಫೋನಿನಲ್ಲಿ ಕೇಳಿದ್ದು ಮಾತ್ರ ಕಚೇರಿ ಮಾಡುತ್ತೀಯಾ ಎಂದು.

ಅಂಗಡಿಯ ಹುಡುಗ ಒಳ್ಳೆಯವನು. ತಾನೂ ಬಾರಿಸುವವನಂತೆ. ಹಳೆಯ ಬೇಸನ್ನು ಎತ್ತಿ ಬಂದೂಕಿನ ಗುರಿ ನೋಡುವವನ ಹಾಗೆ ಕೊರಳಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದ. ಇದರ ಕೊರಳಿನೊಳಗೆ ಒಂದು ಉಕ್ಕಿನ ಸಲಾಕೆ ಇರುತ್ತದೆ, ತಂತಿಗಳ ಎಳೆತಕ್ಕೆ ಮರ ಬಾಗದಂತೆ ಅದು ಎದುರು ಹಿಡಿಯುತ್ತದೆ, ಹವೆ ಬದಲಾದಂತೆ ಅದನ್ನು ಕಾಲು ಸುತ್ತೋ ಅರ್ಧ ಸುತ್ತೋ ತಿರುಗಿಸಿ ಸರಿಮಾಡಬೇಕು, ಇದನ್ನು ಯಾರೂ ಮುಟ್ಟಿಯೇ ಇಲ್ಲ ಎಂದ. ಸಣ್ಣ ಕೀಲಿಯೊಂದನ್ನು ತೂರಿಸಿ ತಿರುಗಿಸಿದ. ಸೇತುವೆಯ ಸಣ್ಣ ತಿರುಪುಗಳನ್ನು ಏರಿಸಿ ಇಳಿಸಿ ಪ್ರತಿ ತಂತಿಯ ಎತ್ತರ ಕೂಡಿಸಿದ. ಮೆಟ್ಟಿಲೊಂದನ್ನು ಉಜ್ಜಿದ. ಹೊಸ ತಂತಿ ಕಟ್ಟಿದ. ಒಂದು ಗಂಟೆಯ ಕೆಲಸ. ತಂತಿಯೂ ಸೇರಿ ನಾಲ್ಕು ಸಾವಿರದೊಳಗೆ ಮುಗಿಯಿತು. ನಾನು ಸ್ಟೂಲಿನ ಮೇಲೆ ಕೂತು ಆ ಕೀಲಿಯನ್ನೇ ನೋಡುತ್ತಿದ್ದೆ. ಕಾಲು ಸುತ್ತು. ವೀಣೆಯ ದಂಡಿಯೊಳಗೂ ಇಂಥದ್ದೊಂದು ಸಲಾಕೆಯಿದ್ದು, ಸಾಗರದಲ್ಲಿ ಅದನ್ನು ತಿರುಗಿಸುವವನೊಬ್ಬ ಇದ್ದಿದ್ದರೆ!

ಮಗ ಮತ್ತೆ ಬಾರಿಸಿದ. ಬುಸುಗುಡುವುದು ನಿಂತಿತ್ತು. ಸ್ವರ ನಿಲ್ಲುತ್ತಿತ್ತು. ಇನ್ನೂ ಉಳಿದಿದ್ದ ವ್ಯತ್ಯಾಸ ಏನೆಂದು ಕೇಳಿದೆ. ಹಳೆಯದರ ತಲೆ ಭಾರ, ಕೈಬಿಟ್ಟರೆ ಕೊರಳು ಕೆಳಕ್ಕೆ ವಾಲುತ್ತದೆ, ಎಡಗೈ ಅದನ್ನು ಹೊರುವುದರಲ್ಲೇ ಅರ್ಧ ದಣಿಯುತ್ತದೆ. ಮೆಟ್ಟಿಲುಗಳ ತುದಿ ಅಂಗೈಗೆ ಕೊರೆಯುತ್ತದೆ. ಒಂದು ಗಂಟೆ ಬಾರಿಸಿದರೆ ಒಂದು ಬಿರಡೆ ಸಡಿಲುತ್ತದೆ. ಇವೆಲ್ಲ ಕೇಳುವವರಿಗೆ ಸೇರಿದ್ದಲ್ಲ, ಬಾರಿಸುವವನ ಕೈಗೆ ಸೇರಿದ್ದು.

ಊರಿಗೆ ಬಂದು ಅವನಿಗೆ ಕಾಗದ ಬರೆದೆ. ಫೋನಿನಲ್ಲಿ ಹೇಳಿದರೆ ಮತ್ತೆ ಅಪ್ಪನ ವಾಕ್ಯ ಬಾಯಿಗೆ ಬಂದೀತೆಂಬ ಹೆದರಿಕೆ. ಬರೆದದ್ದು ಇಷ್ಟು. ಹವ್ಯಾಸಿಗೆ ಒಳ್ಳೆಯ ವಾದ್ಯ ಯಾಕೆ ಎಂದು ಕೇಳಿದ್ದು ನನ್ನ ತಪ್ಪು. ಕಚೇರಿ ಮಾಡುವವನಿಗೆ ಕೆಟ್ಟ ವಾದ್ಯವನ್ನು ಗುರುತಿಸುವ ಕಿವಿಯೂ ರಿಪೇರಿ ಮಾಡಿಸುವ ನೆಂಟಸ್ತಿಕೆಯೂ ಇರುತ್ತದೆ. ಕೆಟ್ಟ ವಾದ್ಯ ಕೆಡಿಸುವುದು ಯಾರೂ ಹೇಳುವವರಿಲ್ಲದೆ ಒಬ್ಬರೇ ಕೂತು ಕಲಿಯುವವರನ್ನು. ನಿನ್ನ ಬೇಸ್ ನಿನಗೆ ಸುಳ್ಳು ಹೇಳುತ್ತಿತ್ತು, ಈಗ ಹೇಳುತ್ತಿಲ್ಲ. ಆದ್ದರಿಂದ ಸದ್ಯಕ್ಕೆ ಕೊಳ್ಳಬೇಡ. ಆರು ತಿಂಗಳು ಇದರಲ್ಲೇ ಬಾರಿಸು. ಆಗಲೂ ಕೈ ದಣಿದರೆ, ಇದರ ಅರ್ಧ ಬೆಲೆಗೂ ಕೈಗೆ ಸುಖವಾದದ್ದು ಸಿಕ್ಕೀತು, ಅದನ್ನು ನೋಡು. ಉಳಿದ ಲಕ್ಷದಲ್ಲಿ ಹೆಸರಿನ ಬೆಲೆ ಎಷ್ಟು, ಮರದ ಬೆಲೆ ಎಷ್ಟು ಎಂದು ನಿನ್ನಷ್ಟು ನೀನೇ ಲೆಕ್ಕ ಹಾಕು. ಇದು ನನ್ನ ತೀರ್ಪು. ತೀರ್ಪಿನ ಕೆಳಗೆ ಒಂದು ಸಾಲು ಸೇರಿಸಿದೆ: ನಿನ್ನ ದುಡ್ಡು, ನಿನ್ನ ಕೈ.

ಯುಗಾದಿಯ ಮಾರನೆಯ ದಿನ ಸೊಸೆ ಫೋನ್ ಮಾಡಿದಳು. ತಂದರಂತೆ. ಅದೇ, ಎರಡು ಲಕ್ಷದ್ದೇ. ಬೋನಸ್ ಬಂದಿತ್ತಂತೆ. ನನ್ನ ಕಾಗದ ಹೆಡ್‌ಫೋನಿನ ಪೆಟ್ಟಿಗೆಯೊಳಗೆ ಇದೆಯಂತೆ. ಕೇಳಿ ಸ್ವಲ್ಪ ಬೇಸರವಾಯಿತು, ಸುಳ್ಳೇಕೆ ಹೇಳಲಿ. ಆರು ತಿಂಗಳು ಎಂದಿದ್ದೆ, ನಾಲ್ಕೂ ಆಗಿರಲಿಲ್ಲ. ನನ್ನ ತೀರ್ಪು ಸರಿಯೆಂದೇ ಈಗಲೂ ನಂಬಿದ್ದೇನೆ. ಮೊದಲ ಒಂದು ತಿಂಗಳು ಗೀರು ಬಿದ್ದೀತೆಂದು ಅದನ್ನು ಹೊರಗೆ ಒಯ್ಯದೆ ಹಳೆಯದನ್ನೇ ಶನಿವಾರಕ್ಕೆ ತೆಗೆದುಕೊಂಡು ಹೋದ ಎಂದು ಸೊಸೆ ಗುಟ್ಟಾಗಿ ಹೇಳಿದಳು. ನಾವಿಬ್ಬರೂ ನಕ್ಕೆವು. ಕಾಗದದಲ್ಲಿ ಬರೆಯದೆ ಬಿಟ್ಟದ್ದೂ ಒಂದಿದೆ. ಆ ಅಂಗಡಿಯಲ್ಲಿ ಅವನು ಹೊಸದನ್ನು ಕೊರಳಿಗೆ ಹಾಕಿಕೊಂಡು ಕೈಬಿಟ್ಟಾಗ ಅದು ವಾಲದೆ ನಿಂತಿತು. ಆಗ ಅವನ ಮುಖ ಹೇಗಾಯಿತೆಂದು ನಾನು ಎದುರಿನ ಕನ್ನಡಿಯಲ್ಲಿ ನೋಡಿದ್ದೆ. 1985ರಲ್ಲಿ ಬೆಲೆ ಹೆಚ್ಚಿನ ವೀಣೆಯನ್ನು ಅಂಗಡಿಯವನು ನನ್ನ ತೊಡೆಯ ಮೇಲಿಟ್ಟು ವಾಪಸು ತೆಗೆದುಕೊಂಡಿದ್ದ. ಆಗ ಎದುರಿಗೆ ಕನ್ನಡಿಯಿರಲಿಲ್ಲ.

ಹೋದ ವಾರ ನಾಲ್ವರೂ ಸೇರಿ ಬಾರಿಸಿದ ಒಂದು ಹಾಡಿನ ರೆಕಾರ್ಡಿಂಗ್ ಕಳಿಸಿದ್ದಾನೆ. ರಾತ್ರಿ ಊಟವಾದ ಮೇಲೆ ಹೆಡ್‌ಫೋನು ಹಾಕಿಕೊಂಡು ಕೇಳಿದೆ. ಹಾಡುವ ಹುಡುಗ ಸುಮಾರು. ಡ್ರಮ್ಮಿನವನಿಗೆ ಅವಸರ. ಎರಡನೆಯ ಚರಣ ಮುಗಿಯುವಲ್ಲಿ ಎಲ್ಲರೂ ಒಟ್ಟಿಗೆ ಮುಂದಕ್ಕೆ ನುಗ್ಗುವಾಗ ನನ್ನ ಮಗ ಒಂದು ಸ್ವರವನ್ನು ಮೀಟಿ, ಬಿಟ್ಟು, ಸುಮ್ಮನೆ ಕಾಯುತ್ತಾನೆ. ಎರಡು ಮಾತ್ರೆ ಇರಬಹುದು. ಆಮೇಲೆ ಒಳಗೆ ಬರುತ್ತಾನೆ. ಆ ಜಾಗವನ್ನು ನಾಲ್ಕು ಸಲ ತಿರುಗಿಸಿ ಕೇಳಿದೆ. ಯಾವ ಬೇಸಿನಲ್ಲಿ ಬಾರಿಸಿದ್ದು ಎಂದು ಕೇಳೋಣವೆಂದು ಫೋನು ಎತ್ತಿಕೊಂಡವಳು, ಗಂಟೆ ಹನ್ನೊಂದಾಗಿತ್ತು, ಇಟ್ಟುಬಿಟ್ಟೆ.